ಶಬ್ದವೋ ಚಿತ್ರವೋ: ಕಮಾಂಡ್ ಲೈನಿನ ಪಕ್ಷವನ್ನು ಕುರಿತು

ಗಣಕದೊಡನೆ ವ್ಯವಹರಿಸುವುದಕ್ಕೆ ಎರಡು ಮಾರ್ಗಗಳು ರೂಢಿಯಲ್ಲಿವೆ. ಕೀಲಿಮಣೆಯಿಂದ ಆಜ್ಞೆಗಳನ್ನು ಅಕ್ಷರರೂಪದಲ್ಲಿ ಬರೆದುಕೊಡುವುದು ಒಂದು. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ಪರದೆಯ ಮೇಲೆ ಕಾಣುವ ಚಿತ್ರಗಳನ್ನೂ ಪಟ್ಟಿಗಳನ್ನೂ ಮೌಸಿನಿಂದ ಒತ್ತಿ ಕೆಲಸ ನಡೆಸುವುದು ಮತ್ತೊಂದು. ಇವುಗಳ ತಾರತಮ್ಯವನ್ನು ಕುರಿತ ಬರಹಗಳಲ್ಲಿ ಅಮೆರಿಕದ ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ ಅವರು 1999ರಲ್ಲಿ ಪ್ರಕಟಿಸಿದ 'ಇನ್ ದ ಬಿಗಿನಿಂಗ್ ವಾಸ್ ದ ಕಮಾಂಡ್ ಲೈನ್' ಎಂಬ ದೀರ್ಘ ಪ್ರಬಂಧವು ಪ್ರಸಿದ್ಧವಾದುದು. ಅದರ ವಾದವನ್ನು ಕನ್ನಡ ವಿದ್ಯಾರ್ಥಿಯ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಆಜ್ಞೆಯನ್ನು ಬರೆಯುವವನು ಯಂತ್ರಕ್ಕೆ ಸಮೀಪದಲ್ಲಿರುತ್ತಾನೆ. ಚಿತ್ರವನ್ನು ಒತ್ತುವವನು ಬೇರೊಬ್ಬರು ಕಟ್ಟಿಕೊಟ್ಟ ರೂಪಕದೊಳಗೆ ಇರುತ್ತಾನೆ ಎಂಬುದು ಪ್ರಬಂಧದ ಸಾರ. ಡಿಸ್ನಿ ವರ್ಲ್ಡ್‌ನಲ್ಲಿ ಅಲಂಕೃತ ಪ್ರತಿಕೃತಿಗಳನ್ನು ಕಂಡು ತೃಪ್ತರಾಗುವ ಪ್ರೇಕ್ಷಕರಿಗೆ ಲೇಖಕರು ಇಂಥ ಬಳಕೆದಾರರನ್ನು ಹೋಲಿಸುತ್ತಾರೆ. ಶಬ್ದವು ವಿಚಾರವಂತರ ಸಾಧನ, ಚಿತ್ರವು ಅನುಭೋಗಿಗಳ ಸಾಧನ ಎಂಬ ಧ್ವನಿಯು ಅಲ್ಲಿದೆ.

ಈ ವಾದದಲ್ಲಿ ಒಪ್ಪತಕ್ಕ ಅಂಶವುಂಟು. ಅದಕ್ಕೆ ಬೇರೆಡೆಯಿಂದ ಒಂದು ನಿದರ್ಶನವನ್ನು ಕೊಡುತ್ತೇವೆ. 1986ರಲ್ಲಿ ಜಾನ್ ಬೆಂಟ್ಲಿಯವರ ಅಂಕಣಕ್ಕಾಗಿ ಡೊನಾಲ್ಡ್ ಕ್ನೂತ್ ಅವರು ಒಂದು ಪ್ರೋಗ್ರಾಮನ್ನು ರಚಿಸಿದರು. ಯಾವುದೇ ಪಠ್ಯದಲ್ಲಿ ಹೆಚ್ಚಾಗಿ ಬರುವ ಪದಗಳನ್ನು, ಅವು ಎಷ್ಟು ಸಲ ಬಂದಿವೆಯೆಂಬ ಸಂಖ್ಯೆಯೊಡನೆ ಪಟ್ಟಿಮಾಡುವುದು ಅದರ ಕೆಲಸ. ಅದನ್ನು ವಿಮರ್ಶಿಸಿದ ಡಗ್ಲಸ್ ಮ್ಯಾಕಿಲ್ರಾಯ್ ಅವರು ಅದೇ ಕೆಲಸವನ್ನು ಯುನಿಕ್ಸ್‌ನ ಆರು ಸಣ್ಣ ಆಜ್ಞೆಗಳಿಂದ ಮಾಡಬಹುದೆಂದು ತೋರಿಸಿದರು. ಮೊದಲನೆಯದು ಪಠ್ಯವನ್ನು ಪದಗಳಾಗಿ ಒಡೆಯುತ್ತದೆ. ಎರಡನೆಯದು ದೊಡ್ಡಕ್ಷರಗಳನ್ನು ಸಣ್ಣವನ್ನಾಗಿ ಮಾಡುತ್ತದೆ. ಮೂರನೆಯದು ಪದಗಳನ್ನು ಕ್ರಮದಲ್ಲಿಡುತ್ತದೆ. ನಾಲ್ಕನೆಯದು ಪುನರುಕ್ತಿಗಳನ್ನು ಎಣಿಸುತ್ತದೆ. ಐದನೆಯದು ಸಂಖ್ಯೆಯ ಇಳಿಕೆಯಂತೆ ಜೋಡಿಸುತ್ತದೆ. ಆರನೆಯದು ಬೇಕಾದಲ್ಲಿ ನಿಲ್ಲಿಸುತ್ತದೆ. ಒಂದರ ಫಲವು ಮುಂದಿನದಕ್ಕೆ ಹರಿಯುವಂತೆ ಮಾಡುವ 'ಪೈಪ್' ಎಂಬ ಸಾಧನವೂ ಮ್ಯಾಕಿಲ್ರಾಯ್ ಅವರ ಸೂಚನೆಯಿಂದಲೇ 1973ರಲ್ಲಿ ಯುನಿಕ್ಸ್‌ಗೆ ಸೇರಿದ್ದು. ಈ ಆರರಲ್ಲಿ ಯಾವ ಆಜ್ಞೆಯೂ ಈ ಕಾರ್ಯಕ್ಕೆಂದೇ ಹುಟ್ಟಿದುದಲ್ಲ. ತಿಳಿದ ಪದಗಳಿಂದ ಹೊಸ ವಾಕ್ಯ ರಚನೆಯಾಗುವಂತೆ ಇಲ್ಲಿ ಹೊಸ ಕಾರ್ಯ ರಚನೆಯಾಗಿದೆ. ಪರದೆಯ ಗುಂಡಿಗಾದರೋ ತಯಾರಕನು ಮೊದಲೇ ಊಹಿಸಿದ ಕೆಲಸವೊಂದೇ ಸಾಧ್ಯ.

ಆದರೆ ಈ ನಿದರ್ಶನವೇ ಸ್ಟೀಫನ್‌ಸನ್ ಅವರು ಕೇಳದ ಪ್ರಶ್ನೆಯೊಂದನ್ನು ಎತ್ತುತ್ತದೆ: ಶಬ್ದವೆಂದರೆ ಯಾರ ಶಬ್ದ? ಮ್ಯಾಕಿಲ್ರಾಯ್ ಅವರ ಮೊದಲನೆಯ ಆಜ್ಞೆಯು ಇಂಗ್ಲಿಷಿನ 26 ಅಕ್ಷರಗಳನ್ನು ಮಾತ್ರ ಅಕ್ಷರವೆಂದು ಬಗೆಯುತ್ತದೆ. ಉಳಿದುದೆಲ್ಲ ಅದಕ್ಕೆ ಪದಗಳ ನಡುವಣ ತೆರಪು. ಕನ್ನಡ ಗ್ರಂಥವೊಂದನ್ನು ಅದಕ್ಕೆ ಕೊಟ್ಟರೆ ಒಂದು ಪದವೂ ಉಳಿಯದು. ಆ ಕಾಲದ ಟರ್ಮಿನಲ್‌ಗಳೂ ಹೀಗೆಯೇ. 1978ರ ವಿಟಿ100ರ ಪರದೆಯಲ್ಲಿ ಸಾಮಾನ್ಯವಾಗಿ 24 ಸಾಲು, 80 ಅಂಕಣ. ಅಕ್ಷರಕ್ಕೊಂದು ಸಮಾನವಾದ ಮನೆ. 'ಸ್ತ್ರೀ' ಎಂಬಲ್ಲಿ ಒತ್ತಕ್ಷರಗಳನ್ನು ಕೆಳಗಿಟ್ಟು ದೀರ್ಘವನ್ನು ಪಕ್ಕಕ್ಕೆ ಚಾಚುವ ಲಿಪಿಗೆ ಆ ಮನೆ ಸಾಲದು. ಪ್ರತಿಯೊಂದು ಚುಕ್ಕೆಯನ್ನೂ ಬೇರೆಬೇರೆಯಾಗಿ ಬೆಳಗಿಸಬಲ್ಲ ಪರದೆಯೇ ನಮ್ಮ ಲಿಪಿಗೆ ಸಹಜವಾದುದು; ಚಿತ್ರಮಾರ್ಗಕ್ಕೆ ಆಧಾರವೂ ಅದೇ. ಜೆರಾಕ್ಸ್ ಸಂಸ್ಥೆಯಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೋ, 1981ರಲ್ಲಿ ಮಾರಾಟಕ್ಕೆ ಬಂದ ಸ್ಟಾರ್ ಎಂಬ ಗಣಕಗಳು ಇಂಥ ಪರದೆಯುಳ್ಳವು. ಅದೇ ಸಂಸ್ಥೆಯ ಜೋಸೆಫ್ ಬೆಕರ್ ಅವರು 1988ರಲ್ಲಿ ಯುನಿಕೋಡಿನ ಯೋಜನೆಯನ್ನು ಮುಂದಿಟ್ಟರು. 1991ರ ಅದರ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಹೀಗಿರುವಲ್ಲಿ ಚಿತ್ರವನ್ನು ಅನುಭೋಗಿಯ ಆಟಿಕೆಯೆಂದು ನಾವು ಕಡೆಗಣಿಸಲಾಗದು.

ಹಾಗೆಂದ ಮಾತ್ರಕ್ಕೆ ಗೆಲುವು ಚಿತ್ರದ್ದೆಂದೂ ಹೇಳಲಾಗದು. ಮ್ಯಾಕಿಲ್ರಾಯ್ ಅವರ ವಾಕ್ಯದ ದೋಷವು ಒಂದು ಪದದಲ್ಲಿದೆಯೇ ಹೊರತು ಅದರ ವ್ಯಾಕರಣದಲ್ಲಿಲ್ಲ. ಮೊದಲ ಆಜ್ಞೆಯನ್ನು ತೆಗೆದು, ತೆರಪು ಮತ್ತು ವಿರಾಮಚಿಹ್ನೆಗಳಲ್ಲಿ ಒಡೆಯುವ ಆಜ್ಞೆಯನ್ನು ಅಲ್ಲಿಟ್ಟರೆ ಸಾಕು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದುದರಿಂದ ಎರಡನೆಯ ಆಜ್ಞೆಯು ಬೇಡವೇ ಬೇಡ. 'ಮನೆಗೆ', 'ಮನೆಯಲ್ಲಿ' ಎಂಬಂಥ ವಿಭಕ್ತಿರೂಪಗಳು ಬೇರೆಬೇರೆ ಪದಗಳಾಗಿ ಎಣಿಕೆಯಾಗುವುದು ಸಮ್ಮತವಲ್ಲದಿದ್ದರೆ, ಪ್ರತ್ಯಯಗಳನ್ನು ಬಿಡಿಸುವ ಇನ್ನೊಂದು ಆಜ್ಞೆಯನ್ನು ರಚಿಸಿ ನಡುವೆ ಸೇರಿಸಬಹುದು. ಇದು ಸುಲಭದ ಕೆಲಸವಲ್ಲ. ಆದರೆ ನಮ್ಮ ವ್ಯಾಕರಣವನ್ನು ಬಲ್ಲವರು ಮಾಡತಕ್ಕ ಕೆಲಸ. ಪರದೆಯ ಪಟ್ಟಿಯಲ್ಲಿ ಇಂಥ ಸೌಲಭ್ಯವಿಲ್ಲದಿದ್ದರೆ ವಿದ್ಯಾರ್ಥಿಯು ತಯಾರಕನ ಕೃಪೆಗೆ ಕಾಯಬೇಕು.

ಸ್ಟೀಫನ್‌ಸನ್ ಅವರು ಮ್ಯಾಕ್ ಓಎಸ್ ಎಕ್ಸ್ ಅನ್ನು ಸ್ವೀಕರಿಸಿ, ತಮ್ಮ ಪ್ರಬಂಧದ ಬಹುಭಾಗವು ಹಳತಾಯಿತೆಂದು 2004ರಲ್ಲಿ ತಾವೇ ಒಪ್ಪಿಕೊಂಡರು. ಆ ವ್ಯವಸ್ಥೆಯಲ್ಲಿ ಎರಡು ಮಾರ್ಗಗಳೂ ಒಂದೇ ಪರದೆಯಲ್ಲಿವೆ. ಆದುದರಿಂದ ಶಬ್ದವೋ ಚಿತ್ರವೋ ಎಂಬ ವಿವಾದವು ಗೌಣ. ತಯಾರಕನು ಊಹಿಸದ ಪ್ರಶ್ನೆಯನ್ನು ಬಳಸುವವನು ಕೇಳಬಲ್ಲನೆ ಎಂಬುದೇ ಮುಖ್ಯ. ಗಣಕವು ಬೆರಳಚ್ಚಿನ ಸಾಧನವೆಂದಷ್ಟೇ ಕನ್ನಡ ವಿದ್ಯಾರ್ಥಿಗೆ ಕಲಿಸಿದರೆ, ಪರದೆಯ ಮೇಲೆ ಲಿಪಿ ನಮ್ಮದಾಗುತ್ತದೆ. ಪ್ರಶ್ನೆಗಳು ಪರರವಾಗಿಯೇ ಉಳಿಯುತ್ತವೆ.