ವಿರೋಧವೂ ವಿರೋಧಾಭಾಸವೂ

ವಿಮರ್ಶೆಯಲ್ಲಿ 'ವೈರುಧ್ಯ' ಎಂಬ ಮಾತು ಬಹು ಸುಲಭವಾಗಿ ಬಳಕೆಯಾಗುತ್ತಿದೆ. ಕವಿಯು ಲೋಕವನ್ನು ಒಂದೆಡೆ ಹೊಗಳಿ ಮತ್ತೊಂದೆಡೆ ತೆಗಳಿದರೆ ವೈರುಧ್ಯ. ಕಥಾನಾಯಕನು ಮನಸ್ಸು ಬದಲಿಸಿದರೂ ವೈರುಧ್ಯ. ಹೀಗೆ ಎಲ್ಲಕ್ಕೂ ಸಲ್ಲುವ ಪದವು ಯಾವುದನ್ನೂ ತಿಳಿಸಲಾರದು. ಆದುದರಿಂದ ಅದರ ಎಲ್ಲೆಯನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯಕ.

ಒಂದೇ ವಸ್ತುವಿಗೆ, ಒಂದೇ ಕಾಲದಲ್ಲಿ, ಒಂದೇ ದೃಷ್ಟಿಯಿಂದ ಒಂದು ಧರ್ಮವು ಉಂಟೆಂದೂ ಇಲ್ಲವೆಂದೂ ಹೇಳಲಾಗದೆಂಬುದು ಅರಿಸ್ಟಾಟಲನು ಪ್ರತಿಪಾದಿಸಿದ ನಿಯಮ. ಈ ಮೂರು ನಿಬಂಧನೆಗಳಲ್ಲಿ ಒಂದು ತಪ್ಪಿದರೂ ವಿರೋಧವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಗೆ ಸೇರಿದ ಗೊರೇಬಾಳದಂಥ ಊರಿನಲ್ಲಿ ಒಬ್ಬ ರೈತನು 'ಕಾಲುವೆಗೆ ನೀರು ಬಂದಿದೆ' ಎಂದೂ ಇನ್ನೊಬ್ಬನು 'ಬಂದಿಲ್ಲ' ಎಂದೂ ಹೇಳಿದರೆನ್ನೋಣ. ಒಬ್ಬನ ಹೊಲ ಕಾಲುವೆಯ ಮೇಲ್ಭಾಗದಲ್ಲಿದ್ದು ಮತ್ತೊಬ್ಬನದು ಕೊನೆಯಲ್ಲಿದ್ದರೆ ಇಬ್ಬರ ಮಾತೂ ನಿಜವಾಗಬಹುದು. ಸ್ಥಳವನ್ನು ಹೇಳದಿರುವುದರಿಂದಲೇ ವಿರೋಧ ತೋರುತ್ತದೆ.

ನಮ್ಮ ಆಲಂಕಾರಿಕರು ಈ ಭೇದವನ್ನು ಚೆನ್ನಾಗಿ ಬಲ್ಲರು. ವಸ್ತುತಃ ವಿರೋಧವಿಲ್ಲದೆಡೆ ವಿರೋಧವಿರುವಂತೆ ಹೇಳುವುದನ್ನೇ ಮಮ್ಮಟನು ಅಲಂಕಾರವೆಂದು ಲಕ್ಷಣೀಕರಿಸಿದನು. ಅಪ್ಪಯ್ಯದೀಕ್ಷಿತನು ಅದನ್ನು 'ವಿರೋಧಾಭಾಸ' ಎಂದನು. ಪರಿಹಾರವಿಲ್ಲದ ವಿರೋಧವಾದರೋ ತಾರ್ಕಿಕರ 'ವ್ಯಾಘಾತ'. 'ನನ್ನ ತಾಯಿ ಬಂಜೆ' ಎಂಬಂತೆ ಅದು ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ.

ಈ ವಿವೇಕದ ಪ್ರಯೋಜನಕ್ಕೆ ಉದಾಹರಣೆಯನ್ನು ಅದೇ ಸೀಮೆಯಲ್ಲಿ ಕಾಣಬಹುದು. ಹನ್ನೆರಡನೆಯ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳೆಂಬುದು ಪ್ರತೀತಿ. ಶುದ್ಧಚಿತ್ತದಿಂದ ಕಾಯಕ ಮಾಡುವವನಿಗೆ ಬಡತನವಿಲ್ಲವೆಂಬುದು ಆಕೆಯ ವಚನವೊಂದರ ತಾತ್ಪರ್ಯ. ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುವ ಮನೆಯಿಂದ ಈ ಮಾತು ಬಂದುದು ವಿರುದ್ಧವೆನಿಸಬಹುದು. ಆದರೆ ನಾವು ಬಡತನವನ್ನು ಸಂಗ್ರಹದಿಂದ ಅಳೆಯುತ್ತೇವೆ, ಆಕೆ ಮನಸ್ಸಿನಿಂದ ಅಳೆಯುತ್ತಾಳೆ. ದೃಷ್ಟಿ ಬೇರೆಯಾದುದರಿಂದ ಇದು ಆಭಾಸ ಮಾತ್ರ.

ಗಂಡ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪ್ರಸಂಗವಾದರೋ ಬೇರೆ. ಅಗತ್ಯಕ್ಕೆ ಮೀರಿ ಆಯುವುದಿಲ್ಲವೆಂಬ ನಿಷ್ಠೆಗೂ ಆ ಮೂಟೆಗೂ ನಿಜವಾದ ವಿರೋಧವಿತ್ತು. ಲಕ್ಕಮ್ಮ ಅದಕ್ಕೆ ಹೊಸ ಅರ್ಥವನ್ನು ಹುಡುಕಲಿಲ್ಲ. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದಳು.

ಆಭಾಸವು ಅರ್ಥದಿಂದ ಪರಿಹಾರವಾಗುತ್ತದೆ. ನುಡಿಗೂ ನಡೆಗೂ ಇರುವ ವಿರೋಧವು ನಡೆಯನ್ನು ತಿದ್ದಿದ ಹೊರತು ಪರಿಹಾರವಾಗದು. ಎರಡನ್ನೂ 'ವೈರುಧ್ಯ' ಎಂದು ಒಂದೇ ಮಾತಿನಲ್ಲಿ ಮುಗಿಸುವ ವಿಮರ್ಶಕನು ಮೊದಲನೆಯದರಲ್ಲಿ ಕವಿಗೆ ಅನ್ಯಾಯ ಮಾಡುತ್ತಾನೆ, ಎರಡನೆಯದರಲ್ಲಿ ತಪ್ಪಿಗೆ ರಕ್ಷಣೆ ಕೊಡುತ್ತಾನೆ.