ಹುಲಿ ಏನೆಂದಿತು?

ಮಕ್ಕಳ ಚಿತ್ರವೆಂದರೆ ನಾವು ಮೊದಲು ಕೇಳುವುದು, ಅದರಲ್ಲಿ ಹೆದರಿಸುವಂಥದ್ದೇನಾದರೂ ಇದೆಯೇ ಎಂದು. 2020ರಲ್ಲಿ 'ಪುಣ್ಯಕೋಟಿ' ಅನಿಮೇಷನ್ ಚಿತ್ರ ನೆಟ್‌ಫ್ಲಿಕ್ಸ್‌ನಲ್ಲಿ ಬಂದಾಗಲೂ ಪರಿಚಯದ ತಾಯಂದಿರು ಕೇಳಿದ್ದು ಇದನ್ನೇ. ಹಸಿದ ಹುಲಿ, ತಬ್ಬಲಿಯಾಗಲಿರುವ ಕರು, ಸಾವು. ಐದು ವರ್ಷದ ಮಗುವಿಗೆ ಇದೆಲ್ಲ ಬೇಕೇ?

ಬೇಕು ಎಂದೇ ನನ್ನ ಅಭಿಪ್ರಾಯ. ಗೋವಿನ ಹಾಡನ್ನು ಕನ್ನಡ ಶಾಲೆಗಳಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಚಾಮರಾಜಪೇಟೆಯಲ್ಲಿ ಮನೆಯಲ್ಲಿ ಉರ್ದು ಆಡಿ, ಶಾಲೆಯಲ್ಲಿ ಕನ್ನಡ ಕಲಿತ ನಮ್ಮಂಥವರಿಗೂ ಅದು ಮೊದಲು ಕಿವಿಗೆ ಬಿತ್ತು, ಅರ್ಥ ಆಮೇಲೆ ಬಂತು. ಕೊಟ್ಟ ಮಾತಿಗಾಗಿ ಮರಳಿ ಬಂದ ಹಸುವನ್ನು ಕಂಡು ಹುಲಿ ತಾನೇ ಪ್ರಾಣ ಬಿಡುವ ಕಡೆ ತರಗತಿಯೆಲ್ಲ ಮೌನ. ಅತ್ತವರೂ ಇದ್ದರು. ಮರುದಿನ ಮತ್ತೆ ಅದನ್ನೇ ಹಾಡೋಣ ಎಂದವರೂ ಅವರೇ. ಅಜ್ಜಿ, ನಾನಿಯರ ಕಥೆಗಳಲ್ಲಿ ಸಾವು ಹೊಸತಲ್ಲ. ತಲೆಯಿಡಲು ಒಂದು ಮಡಿಲಿದ್ದರೆ ಮಗು ಅದನ್ನು ತಾಳಿಕೊಳ್ಳುತ್ತದೆ.

ನನ್ನ ತಕರಾರು ಬೇರೆ. ಬೆಂಗಳೂರಿನ ರವಿಶಂಕರ್ ಜನರಿಂದಲೇ ಹಣ ಸಂಗ್ರಹಿಸಿ, ವರ್ಷಗಟ್ಟಲೆ ದುಡಿದು ಮಾಡಿದ ಈ ಚಿತ್ರದ ಮಾತು ಸಂಸ್ಕೃತ. ಇಳಯರಾಜಾ ಅವರ ಸಂಗೀತವಿದೆ. ಬಣ್ಣ, ರೇಖೆಗಳಲ್ಲಿ ನಮ್ಮ ತೊಗಲುಗೊಂಬೆಗಳ ಸೊಗಸಿದೆ. ವಿದೇಶಿ ಕಾರ್ಟೂನುಗಳ ಗಡಿಬಿಡಿಯಿಲ್ಲ. ಆದರೆ ಅರ್ಥವೆಲ್ಲ ತೆರೆಯ ಕೆಳಗಿನ ಅಕ್ಷರಗಳಲ್ಲಿ ಓಡುತ್ತದೆ. ಅಕ್ಷರ ಬಾರದ ಮಗು ಏನು ಮಾಡಬೇಕು? ನನ್ನ ಪಕ್ಕದಲ್ಲಿ ಕೂತಿದ್ದ ನಾಲ್ಕು ವರ್ಷದ ಹುಡುಗಿ ಕ್ಷಣಕ್ಕೊಮ್ಮೆ ತೋಳು ಜಗ್ಗಿ, "ಖಾಲಾ, ಶೇರ್ ಕ್ಯಾ ಬೋಲಾ?" ಎನ್ನುತ್ತಿದ್ದಳು. ಹುಲಿ ಹೇಳಿದ್ದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಹುಲಿ ಇನ್ನೇನನ್ನೋ ಹೇಳಿರುತ್ತಿತ್ತು.

ಇದು ನಮ್ಮ ಮನೆಯ ಮಕ್ಕಳ ಕಷ್ಟ ಮಾತ್ರವಲ್ಲ. ಬಸವನಗುಡಿ, ಮಲ್ಲೇಶ್ವರದಲ್ಲಿ ನಾಲ್ಕು ಶ್ಲೋಕ ಬಾಯಿಪಾಠ ಮಾಡಿದ ಮಗುವಿಗೂ ಸಂಸ್ಕೃತದಲ್ಲಿ ನಡೆಯುವ ಸಂಭಾಷಣೆ ತಿಳಿಯದು. ಅದು ಉರ್ದುವಿನಲ್ಲಿ ಬಂದಿದ್ದರೆ ಆ ಮಕ್ಕಳ ಪರವಾಗಿ ನಾನು ಇದನ್ನೇ ಬರೆಯುತ್ತಿದ್ದೆ. ಸಂಸ್ಕೃತವನ್ನು ಮಕ್ಕಳ ಹತ್ತಿರ ತರುವ ಆಸೆ ಒಳ್ಳೆಯದೇ. ಆದರೆ ಕನ್ನಡದ ಹಾಡನ್ನೇ ಆರಿಸಿಕೊಂಡು, ಕನ್ನಡದ ಮಗುವಿಗೇ ಅದನ್ನು ಓದಿ ತಿಳಿಯಬೇಕಾದ ಕಥೆಯನ್ನಾಗಿ ಮಾಡಿದ್ದು ವಿಚಿತ್ರ.

ಕಾಡಿಗೂ ಮನುಷ್ಯನಿಗೂ ಇರುವ ಸಂಬಂಧವನ್ನು ಚಿತ್ರ ಮೂಲ ಹಾಡಿಗಿಂತ ಹಿಗ್ಗಿಸಿ ಹೇಳುತ್ತದೆ. ಎಂಟು, ಒಂಬತ್ತು ದಾಟಿ ಸರಾಗವಾಗಿ ಓದುವ ಮಕ್ಕಳೊಡನೆ ಅದನ್ನು ಚರ್ಚಿಸಬಹುದು. ಅವರಿಗೆ ಧಾರಾಳವಾಗಿ ತೋರಿಸಿ. ಚಿಕ್ಕವರಿಗಾದರೆ ರಿಮೋಟ್ ದೊಡ್ಡವರ ಕೈಯಲ್ಲಿರಲಿ. ದೃಶ್ಯ ನಿಲ್ಲಿಸಿ, ಮನೆಮಾತಿನಲ್ಲಿ ಕಥೆ ಹೇಳಿ, ಮುಂದಕ್ಕೆ ಹೋಗಿ. ಇದಕ್ಕೆ ಒಂದು ಸಂಜೆ ಸಾಲದು.