ಅಪ್ಪನ ಎದುರು ಒಂದು ಪೋರ್ಟರ್

ಬಿಯರ್ ಬಗ್ಗೆ ಬರೆಯೋರು ಮೊದಲು ನೊರೆ ನೋಡ್ತಾರೆ, ಆಮೇಲೆ ಬಣ್ಣ, ಆಮೇಲೆ ಮೂಗಿಗೆ ಹಿಡಿದು ಏನೇನೋ ಹಣ್ಣಿನ ಹೆಸರು ಹೇಳ್ತಾರೆ. ನಾನೂ ಅದನ್ನೇ ಮಾಡ್ತಾ ಬಂದವಳು. ಪೋರ್ಟ್‌ಲ್ಯಾಂಡಿಗೆ ಬಂದ ಮೇಲೆ ಕಂಡಕಂಡ ಬ್ರೂಪಬ್ಬಿಗೆಲ್ಲ ಐದಕ್ಕೆ ಮೂರು, ಐದಕ್ಕೆ ನಾಲ್ಕು ಅಂತ ಅಂಕ ಕೊಟ್ಟಿದ್ದೇನೆ. ಈ ಸಲ ಆ ಲೆಕ್ಕ ಕೈಕೊಟ್ಟಿತು. ಮೇಜಿನ ಆ ಬದಿಯಲ್ಲಿ ಅಪ್ಪ ಕೂತಿದ್ದರು.

ಅಪ್ಪ ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದು ಮೇ ತಿಂಗಳ ಕೊನೆಗೆ ನಿವೃತ್ತರಾದರು. ಜುಲೈನಲ್ಲಿ ಅಮ್ಮನ ಜೊತೆ ಇಲ್ಲಿಗೆ ಬಂದರು. ಬಂದ ಮೊದಲ ವಾರ ಉತ್ಸಾಹದಲ್ಲಿ ಅವರನ್ನ ಹೊಸದಾಗಿ ತೆರೆದ ಒಂದು ಪಬ್ಬಿಗೆ ಕರ್ಕೊಂಡು ಹೋಗಿದ್ದೆ. ಹೆಸರು ಬೇಡ. ಹದಿನಾಲ್ಕು ನಲ್ಲಿಯಲ್ಲಿ ಒಂಬತ್ತು ಮಬ್ಬು ಮಬ್ಬು ಐಪಿಎ. ಮೆನು ನೋಡೋಕೆ ಕ್ಯೂಆರ್ ಕೋಡ್. ಕೂರೋಕೆ ಬೆನ್ನಿಲ್ಲದ ಎತ್ತರದ ಸ್ಟೂಲು, ಅಮ್ಮನ ಮಂಡಿನೋವಿಗೆ ಅದನ್ನ ಹತ್ತೋದೇ ಒಂದು ಚಾರಣ. ತಿನ್ನೋಕೆ ಚಿಪ್ಸ್ ಪೊಟ್ಟಣ ಬಿಟ್ಟರೆ ಏನಿಲ್ಲ. ಸಂಗೀತ ಎಷ್ಟು ಜೋರು ಅಂದ್ರೆ ಅಪ್ಪ ಎರಡು ಸಲ 'ಏನಂದೆ?' ಅಂದು ಮೂರನೇ ಸಲ ಸುಮ್ಮನಾದರು. ನಾನು ಏನು ಕುಡಿದೆ? ನಿಂಬೆಹಣ್ಣಿನ ಪಾನಕ. ಮೂವತ್ತೊಂದು ವರ್ಷದ ಹೆಂಗಸು, ಸ್ವಂತ ದುಡಿಮೆ, ಆದರೂ ಅಪ್ಪನ ಮುಂದೆ ಬಿಯರ್ ಹೇಳೋ ಧೈರ್ಯ ಬರಲಿಲ್ಲ. ಆ ಜಾಗಕ್ಕೆ ಹಿಂದೆ ನಾನೇ ಐದಕ್ಕೆ ನಾಲ್ಕೂವರೆ ಕೊಟ್ಟಿದ್ದೆ ಅನ್ನೋದನ್ನೂ ಇಲ್ಲಿ ಒಪ್ಕೋಬೇಕು.

ಎರಡು ವಾರ ಬಿಟ್ಟು ಕಾರು ತಗೊಂಡು ಹೊರಟೆವು. ಅಪ್ಪನ ಷರತ್ತು ಒಂದೇ: ಗಡಿಬಿಡಿ ಬೇಡ, ಗಡಿಯಾರ ನೋಡಿದ್ದು ಸಾಕು. ಹಾಗಾಗಿ ಪೋರ್ಟ್‌ಲ್ಯಾಂಡಿನಿಂದ ಬೆಂಡ್ ಅನ್ನೋ ಊರಿಗೆ ಮೂರೂವರೆ ಗಂಟೆಯ ದಾರಿಯನ್ನ ಇಡೀ ದಿನ ಓಡಿಸಿದೆವು. ಮೌಂಟ್ ಹುಡ್‌ನ ಹತ್ತಿರ ಕಾಡು, ಹಸಿರು, ಮಂಜು. ಬೆಟ್ಟಸಾಲು ದಾಟಿ ಪೂರ್ವಕ್ಕೆ ಇಳೀತಿದ್ದ ಹಾಗೆ ಎಲ್ಲ ಒಣಗಿಹೋಯ್ತು. ಕುರುಚಲು ಗಿಡ, ಕಪ್ಪು ಕಲ್ಲು, ದೊಡ್ಡ ಆಕಾಶ. 'ಘಟ್ಟ ದಾಟಿ ಬಯಲುಸೀಮೆಗೆ ಬಂದಂಗಾಯ್ತಲ್ಲೇ' ಅಂದಳು ಅಮ್ಮ. ಸರಿಯಾಗೇ ಹೇಳಿದಳು. ಕಡಲ ಕಡೆಯಿಂದ ಬರೋ ಮೋಡವನ್ನ ಕ್ಯಾಸ್ಕೇಡ್ ಬೆಟ್ಟಗಳು ತಡೆಯುತ್ತವೆ, ನಮ್ಮ ಸಹ್ಯಾದ್ರಿ ತಡೆಯೋ ಹಾಗೇ. ದಾರಿಯಲ್ಲಿ 'ಮದ್ರಾಸ್' ಅಂತ ಒಂದು ಊರಿನ ಬೋರ್ಡು ಬಂತು. ಅಂಗಡಿಯಲ್ಲಿದ್ದ ಮದ್ರಾಸ್ ಬಟ್ಟೆಯ ಥಾನಿನಿಂದ ಆ ಹೆಸರು ಬಂತು ಅನ್ನೋದು ಜನ ಹೇಳೋ ಕತೆ. ಅಪ್ಪ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. 'ನೀರು ಕೇಳೋದಕ್ಕೆ ಮುಂಚೆ ಹೊರಡೋಣ' ಅಂದರು. ಹೆದ್ದಾರಿಯಲ್ಲಿ ಪೂರ್ತಿ ಒಂದು ಕಿಲೋಮೀಟರ್ ನಕ್ಕೆವು.

ಬೆಂಡ್ ಮೊದಲು ಮರದ ಮಿಲ್ಲುಗಳ ಊರು. 1916ರಲ್ಲಿ ಡೆಶೂಟ್ಸ್ ನದಿಯ ದಂಡೆ ಮೇಲೆ ಎರಡು ದೊಡ್ಡ ಕಂಪನಿಗಳ ಮಿಲ್ಲುಗಳು ಶುರುವಾದವು. ಒಂದು 1950ರಲ್ಲೇ ಮುಚ್ಚಿತು, ಇನ್ನೊಂದು 1994ರಲ್ಲಿ. ಈಗ ಆ ಜಾಗದಲ್ಲಿ ಅಂಗಡಿಗಳು, ಮೇಲೆ ಮೂರು ಹಳೇ ಚಿಮಣಿ. ಅಪ್ಪ ಚಿಮಣಿ ನೋಡಿ 'ಬಿನ್ನಿಮಿಲ್ಲು' ಅಂದರು, ಅಷ್ಟೇ. ಅಪಾರ್ಟ್‌ಮೆಂಟಾಗಿ ಎದ್ದ ಬಿನ್ನಿಮಿಲ್ಲಿಗಿಂತ ಅಂಗಡಿಯಾಗಿ ಉಳಿದ ಈ ಮಿಲ್ಲು ವಾಸಿಯೋ ಅಲ್ಲವೋ, ಅದು ಬೇರೆ ಚರ್ಚೆ.

ನಾವು ಹೋಗಿದ್ದು ಬಾಂಡ್ ಸ್ಟ್ರೀಟಿನ ಡೆಶೂಟ್ಸ್ ಬ್ರೂವರಿಯ ಪಬ್ಬಿಗೆ. ಮೋಟೆಲ್ಲಿನಿಂದ ನಡ್ಕೊಂಡೇ ಹೋದೆವು, ಡ್ರೈವಿಂಗ್ ನಂದೇ ಆಗಿದ್ದರಿಂದ. ಗ್ಯಾರಿ ಫಿಶ್ ಅನ್ನೋರು ಇದನ್ನ 1988ರಲ್ಲಿ ತೆರೆದರು. ಮರದ ವ್ಯಾಪಾರ ಸೊರಗಿ ಊರು ಮಂಕಾಗಿದ್ದ ಕಾಲ ಅದು. ಅದಕ್ಕೂ ಮೂರು ವರ್ಷ ಮುಂಚೆ, 1985ರಲ್ಲಿ, ಆರೆಗಾನ್‌ನ ಕಾನೂನು ಬದಲಾಗಿತ್ತು. ಅಲ್ಲೀವರೆಗೆ ಬಿಯರ್ ಮಾಡೋನು ತನ್ನ ಸೂರಿನಡಿಯಲ್ಲೇ ಗಿರಾಕಿಗೆ ಲೋಟ ತುಂಬಿಸಿ ಮಾರೋ ಹಾಗಿರಲಿಲ್ಲ. ಬ್ರೂಪಬ್ ಅಂದ್ರೆ ಅಸಲಿಗೆ ಇಷ್ಟೇ: ಬೇಯಿಸಿದ ಒಲೆಯ ಪಕ್ಕದಲ್ಲೇ ಬಡಿಸೋದು. ನಮ್ಮ ದರ್ಶಿನಿ ಹೋಟೆಲಿನ ತತ್ವ. ದೋಸೆ ಹುಯ್ಯೋನು ಕಣ್ಣೆದುರಿಗೇ ಇರಬೇಕು.

ಆಮೇಲೆ ಡೆಶೂಟ್ಸ್ ದೊಡ್ಡದಾಯ್ತು, ನದಿ ಪಕ್ಕದಲ್ಲಿ 1993ರಲ್ಲಿ ದೊಡ್ಡ ಕಾರ್ಖಾನೆ ಕಟ್ಟಿಕೊಂಡಿತು, ಬಾಟಲಿ ರಾಜ್ಯ ರಾಜ್ಯಕ್ಕೆ ಹೋಗುತ್ತೆ. ಹೀಗಿರುವಾಗ ಇದನ್ನ 'ಲೋಕಲ್' ಅನ್ನಬಹುದಾ? ಕ್ರಾಫ್ಟ್ ಬಿಯರ್ ಶುದ್ಧಿಕಟ್ಟಿನವರು ಮೂಗು ಮುರೀತಾರೆ. ನನ್ನ ಉತ್ತರ ಹೆಸರುಗಳಲ್ಲಿದೆ. ಇವರ ಪೇಲ್ ಏಲ್‌ನ ಹೆಸರು ಮಿರರ್ ಪಾಂಡ್. ಊರಿನ ನಡುವೆ ನದಿಗೆ ಕಟ್ಟೆ ಕಟ್ಟಿದ್ದರಿಂದ ಆದ ಕೆರೆ ಅದು, ಪಬ್ಬಿನಿಂದ ಕೂಗಳತೆ. ಪೋರ್ಟರ್‌ನ ಹೆಸರು ಬ್ಲ್ಯಾಕ್ ಬ್ಯೂಟ್, ವಾಯವ್ಯಕ್ಕಿರೋ ಒಂದು ಆರಿದ ಜ್ವಾಲಾಮುಖಿ ಗುಡ್ಡ. ಮಿರರ್ ಪಾಂಡ್‌ಗೆ ಹಾಕೋ ಕ್ಯಾಸ್ಕೇಡ್ ಹಾಪ್ ಕೂಡ ಈ ರಾಜ್ಯದ್ದೇ. ಕೊರ್ವಾಲಿಸ್‌ನ ಸಂಶೋಧನಾ ಹೊಲದಲ್ಲಿ ಬೆಳೆಸಿ 1972ರಲ್ಲಿ ರೈತರಿಗೆ ಬಿಟ್ಟ ತಳಿ. ಚಕ್ಕೋತದ ಸಿಪ್ಪೆ ಚಿವುಟಿದಾಗ ಬರುತ್ತಲ್ಲ, ಆ ವಾಸನೆ. ಅಮೆರಿಕದ ಬಿಯರಿಗೆ ಅದರದ್ದೇ ಅಂತ ಒಂದು ಮೂಗು ಬಂದಿದ್ದು ಈ ತಳಿಯಿಂದ. ಈಗಿನ ಮಬ್ಬು ಐಪಿಎ ಪೈಪೋಟಿಯಲ್ಲಿ ಇದನ್ನ ಹಳೇ ಕಾಲದ್ದು ಅಂತಾರೆ. ಅನ್ನಲಿ. ಎರಡನೇ ಗುಟುಕು ಮೊದಲನೇದರಷ್ಟೇ ಚೆನ್ನಾಗಿದೆ, ಹಾಗೆ ಹೇಳಿಸಿಕೊಳ್ಳೋ ಐಪಿಎ ನಾನು ಜಾಸ್ತಿ ಕುಡಿದಿಲ್ಲ.

ಬೆಂಗಳೂರಿನ ಬ್ರೂಪಬ್ಬುಗಳ ಬಗ್ಗೆ ನನಗೆ ಇರೋ ತಕರಾರು ಇಲ್ಲೇ. ಬಿಯರ್ ಚೆನ್ನಾಗೇ ಮಾಡ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಹುಪಾಲು ಮಾಲ್ಟು, ಹಾಪು ಹಡಗಿನಲ್ಲಿ ಬರುತ್ತೆ. ಅಕ್ಕಿ ಹಾಕೋಕೆ ಹೋದರೂ ಬಾಸ್ಮತಿ, ಸೋನಾಮಸೂರಿ ಅಲ್ಲ. ಊರಿನ ಕೆರೆಯ ಹೆಸರು ಇಟ್ಟರೆ ಯಾರು ಕುಡೀತಾರೆ ಅಂತೀರಾ? ಅದೂ ನಿಜ. 'ಬೆಳ್ಳಂದೂರು' ಅಂತ ಇಟ್ಟರೆ ನೊರೆಗಂತೂ ಮೋಸ ಇಲ್ಲ.

ಇರ್ಲಿ. ಪಬ್ಬಿನೊಳಗೆ ಹೋದಾಗ ಅಪ್ಪ ಒಂದು ನಿಮಿಷ ಬಾಗಿಲಲ್ಲೇ ನಿಂತರು. ಅವರು ಹುಡುಕ್ತಿದ್ದ ಬಾರು ಅಲ್ಲಿ ಇರಲಿಲ್ಲ. ಪಕ್ಕದ ಮೇಜಿನಲ್ಲಿ ಮೂರು ವರ್ಷದ ಮಗು ಕ್ರೆಯಾನ್ ಹಿಡಿದು ಕಾಗದದ ಮೇಲೆ ಹಸು ಬರೀತಿತ್ತು. ಅದರಾಚೆ ಅಪ್ಪನಿಗಿಂತ ಹಿರಿಯ ದಂಪತಿ, ಇಬ್ಬರ ಮುಂದೆಯೂ ಒಂದೊಂದು ಪೈಂಟು, ನಡುವೆ ಬಿಚ್ಚಿದ ರೋಡ್ ಮ್ಯಾಪು. ಅವರೂ ನಮ್ಮ ಹಾಗೇ ಗಡಿಯಾರ ಬಿಟ್ಟು ಹೊರಟವರು ಅನ್ಸುತ್ತೆ. ಬೆನ್ನಿರೋ ಬೆಂಚು. ಅಮ್ಮ ಅದನ್ನ ಮೊದಲು ಗಮನಿಸಿದಳು.

ನಾನು ಪೋರ್ಟರ್ ಹೇಳಿದೆ. ದನಿ ನನಗೇ ಕೇಳದಷ್ಟು ಸಣ್ಣಗಿತ್ತು, ಹುಡುಗಿ ಇನ್ನೊಮ್ಮೆ ಕೇಳಿದಳು. ಎರಡನೇ ಸಲ ಹೇಳೋದು ಮೊದಲನೇದಕ್ಕಿಂತ ಕಷ್ಟ.

ಕನ್ನಡದಲ್ಲಿ ಊಟದ ಜೊತೆ ಒಂದು ಲೋಟ ಬಿಯರ್ ಕುಡಿಯೋರಿಗೆ ಶಬ್ದವೇ ಇಲ್ಲ, ಗಮನಿಸಿದ್ದೀರಾ? ಕುಡುಕ ಇದ್ದಾನೆ, ಕುಡಿಯದವನು ಇದ್ದಾನೆ. ನಡುವೆ ಖಾಲಿ. ಕುಡುಕಿ ಅನ್ನೋದಂತೂ ಬೈಗುಳವೇ. ನಮ್ಮ ಸಾಹಿತ್ಯದ ಅತಿ ಪ್ರೀತಿಯ ಕುಡುಕ ರಾಜರತ್ನಂ ಅವರ ರತ್ನ, ಅವನು ಕೂತಿದ್ದೂ ಹೆಂಡದಂಗಡಿಯಲ್ಲೇ ಹೊರತು ಹೆಂಡತಿ ಮಕ್ಕಳು ಊಟ ಮಾಡೋ ಜಾಗದಲ್ಲಿ ಅಲ್ಲ. ಅಪ್ಪನ ಮಟ್ಟಿಗೆ ಹೆಂಡದಂಗಡಿ ಕವಿತೆಯೂ ಅಲ್ಲ. ಅವರ ಚಿಕ್ಕಪ್ಪ ಸಾರಾಯಿಗೆ ಎರಡೆಕರೆ ಗದ್ದೆ ಕಳೆದರು, ಆಮೇಲೆ ಲಿವರ್ ಕಳೆದರು. 2007ರಲ್ಲಿ ಕರ್ನಾಟಕ ಸಾರಾಯಿ ನಿಷೇಧ ಮಾಡಿದ ದಿನ ಅಪ್ಪ ಮನೆಗೆ ಮೈಸೂರುಪಾಕ್ ತಂದಿದ್ದರು. ಯಾಕೆ ಅಂತ ಆಗ ನನಗೆ ಗೊತ್ತಾಗಿರಲಿಲ್ಲ.

ಈ ಕತೆಯನ್ನ ಅವರು ನನಗೆ ಹೇಳಿದ್ದು ಅವತ್ತು, ಆ ಬೆಂಚಿನ ಮೇಲೆ. ನನ್ನ ಲೋಟ ಬಂದ ಮೇಲೆ. ಬೈಗುಳದ ದನಿಯಲ್ಲಿ ಅಲ್ಲ, ಬ್ಯಾಂಕಿನ ಹಳೇ ಲೆಡ್ಜರು ಓದಿದ ಹಾಗೆ. ಆ ಚಿಕ್ಕಪ್ಪನ ಹೆಂಡತಿಗೆ ಸಾಲ ಮಂಜೂರು ಮಾಡಿಸೋಕೆ ಓಡಾಡಿದ್ದು, ಆಗದೇ ಹೋಗಿದ್ದು. ಗಲಾಟೆ ಇದ್ದಿದ್ದರೆ ಈ ಮಾತು ಮೇಜು ದಾಟುತ್ತಿರಲಿಲ್ಲ. ಪಬ್ಬಿನ ವಿಮರ್ಶೆಯಲ್ಲಿ ಸದ್ದಿನ ಮಟ್ಟ ಅನ್ನೋದನ್ನ ನಾವೆಲ್ಲ ಕೊನೇ ಸಾಲಿನಲ್ಲಿ, ಪಾರ್ಕಿಂಗ್ ಜೊತೆ ಬರೀತೀವಿ. ಅದು ಮೊದಲನೇ ಸಾಲಿಗೆ ಬರಬೇಕು. ಮೇಜಿನ ಆ ಕಡೆಯವರ ಮಾತು ಕೇಳದಿದ್ದರೆ ಆ ಬಿಯರನ್ನ ಮನೆಗೆ ತಂದು ಒಬ್ಬಳೇ ಕುಡೀಬಹುದು.

ಅಮ್ಮ ಮಾತು ಬದಲಿಸಿದಳು. ಗಾಜಿನಾಚೆಯ ಸ್ಟೀಲ್ ಟ್ಯಾಂಕು ತೋರಿಸಿ 'ಇದನ್ನ ಹೆಂಗೆ ಮಾಡ್ತಾರೆ?' ಅಂತ ಕೇಳಿದಳು. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರೀತಾರೆ ಅಂದೆ. 'ಓ, ರಾಗಿ ಮಾಲ್ಟು' ಅಂದಳು. ಹೌದು, ಥೇಟ್ ಅದೇ. ಮೊಳಕೆಯಲ್ಲಿ ಹುಟ್ಟೋ ಕಿಣ್ವಗಳು ಕಾಳಿನ ಹಿಟ್ಟಿನಂಶವನ್ನ ಸಕ್ಕರೆ ಮಾಡುತ್ತವೆ, ಅದಕ್ಕೇ ಮಗುವಿಗೆ ರಾಗಿ ಮಾಲ್ಟು ಸುಲಭವಾಗಿ ಜೀರ್ಣ ಆಗೋದು. ಇಲ್ಲಿ ಆ ಸಕ್ಕರೆಯನ್ನ ಯೀಸ್ಟು ತಿನ್ನುತ್ತೆ. ಹುರಿಯೋದು ಜಾಸ್ತಿ ಆದಷ್ಟೂ ಬಣ್ಣ ಕಪ್ಪು, ಅದು ಪೋರ್ಟರ್. 'ಉಳಿದ ಚರಟ?' ಅದು ದನಕ್ಕೆ ಅಂದೆ. 'ಬೂಸಾ' ಅಂತ ಅಮ್ಮ ತಲೆಯಾಡಿಸಿದಳು. ಐದು ವರ್ಷದಲ್ಲಿ ನಾನು ಬರೆದ ಯಾವ ಬರಹಕ್ಕಿಂತಲೂ ಬ್ರೂಯಿಂಗ್ ಬಗ್ಗೆ ಅವಳ ಎರಡು ಪದ ಸ್ಪಷ್ಟವಾಗಿತ್ತು. ಆಮೇಲೆ ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಫ್ರೈಸ್ ಮೇಲೆ ಉದುರಿಸಿದಳು. ಯಾರೂ ತಿರುಗಿ ನೋಡಲಿಲ್ಲ.

ಅಪ್ಪನಿಗೆ ರೂಟ್ ಬಿಯರ್ ಹೇಳಿದ್ದೆ, ಮದ್ಯ ಇಲ್ಲದ್ದು. ಒಂದು ಗುಟುಕು ಕುಡಿದು 'ಅಯೋಡೆಕ್ಸು' ಅಂತ ಪಕ್ಕಕ್ಕೆ ತಳ್ಳಿದರು. ರೂಟ್ ಬಿಯರಿಗೆ ಇದಕ್ಕಿಂತ ಚಿಕ್ಕ ವಿಮರ್ಶೆ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಲೋಟ ಎಳ್ಕೊಂಡರು. ಕುಡೀಲಿಲ್ಲ, ಮೂಸಿ ನೋಡಿದರು. 'ಚಿಕೋರಿ ಜಾಸ್ತಿ ಹಾಕಿದ ಫಿಲ್ಟರ್ ಕಾಫಿ' ಅಂದು ವಾಪಸ್ ಕೊಟ್ಟರು. ಬ್ಲ್ಯಾಕ್ ಬ್ಯೂಟ್ ಪೋರ್ಟರಿಗೆ ನಾನು ಚಾಕೊಲೇಟು, ಸೀದ ಬೆಲ್ಲ ಅಂತೆಲ್ಲ ಬರೀಬೇಕು ಅಂತಿದ್ದೆ. ಬೇಡ. ಚಿಕೋರಿ ಸರಿ.

ಬಿಲ್ಲು ಬಂತು. ಸಾಲು ಸಾಲಾಗಿ ಓದಿ ಕೂಡಿ ನೋಡಿದರು. ಆರೆಗಾನ್‌ನಲ್ಲಿ ಮಾರಾಟ ತೆರಿಗೆ ಇಲ್ಲ ಅಂದಾಗ ನಂಬಲಿಲ್ಲ, ಮತ್ತೆ ಕೂಡಿದರು. ಟಿಪ್ಪು ಅವರೇ ಇಟ್ಟರು.

ರಾತ್ರಿ ಮೋಟೆಲ್ಲಿನಲ್ಲಿ ಶಿವಮೊಗ್ಗದ ದೊಡ್ಡಪ್ಪನಿಗೆ ಫೋನು. ಗೋಡೆ ತೆಳು, ನನಗೆಲ್ಲ ಕೇಳ್ತಿತ್ತು. 'ಒಂದು ಹೋಟೆಲಿಗೆ ಹೋಗಿದ್ವಿ ಕಣೋ. ಒಳಗೇ ಬಾರ್ಲಿ ಮಿಲ್ಲು ಇಟ್ಕೊಂಡಿದ್ದಾರೆ. ಮಗು ಕಾಫಿ ಥರದ್ದು ಏನೋ ಕುಡೀತು. ನಾಳೆ ಬೆಳಗ್ಗೆ ಕ್ರೇಟರ್ ಲೇಕ್.'